ಒಂದೇ ಆಕಾರ, ಬೇರೆ ಮಾತು

ಬೆಂಗಳೂರಿನ ಎಸ್‌.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳ ಮುಂದೆ ಅರ್ಧ ದಿನ ನಿಂತರೆ ಈ ದೃಶ್ಯ ಕಣ್ಣಿಗೆ ಬೀಳದೆ ಇರುವುದಿಲ್ಲ. ಗಿರಾಕಿಯೊಬ್ಬ ತಗಡಿನ ಡಬ್ಬವನ್ನು ಮಗುವಿನ ಹಾಗೆ ತಬ್ಬಿಕೊಂಡು ಬರುತ್ತಾನೆ. 'ಸಿಪಿಯು ಆನ್ ಆಗ್ತಿಲ್ಲ' ಎನ್ನುತ್ತಾನೆ. ಸಿಪಿಯು ಎಂದರೆ ಒಳಗಿರುವ ಬಿಸ್ಕತ್ತಿನಗಲದ ಚಿಪ್ ಮಾತ್ರ. ಆದರೆ ನಮ್ಮಲ್ಲಿ ಇಡೀ ಡಬ್ಬಕ್ಕೇ ಆ ಹೆಸರು ಅಂಟಿಕೊಂಡು ಎಷ್ಟೋ ವರ್ಷವಾಯಿತು, ಈಗ ಬಿಡಿಸಲು ಹೋಗುವುದು ವ್ಯರ್ಥ. ಅಂಗಡಿಯವನು ಮುಚ್ಚಳ ತೆಗೆದು, ಎರಡು ತಂತಿ ಮುಟ್ಟಿಸಿ ನೋಡಿ, 'ಬೋರ್ಡ್ ಹೋಗಿದೆ' ಎಂದು ತೀರ್ಪು ಕೊಡುತ್ತಾನೆ.

'ಸರಿ, ಬೇರೆ ಬೋರ್ಡ್ ಹಾಕಿಬಿಡಿ.'

'ಬ್ರ್ಯಾಂಡೆಡ್ಡಾ, ಅಸೆಂಬಲ್ಡಾ?'

ಬ್ರ್ಯಾಂಡೆಡ್ ಎಂಬ ಉತ್ತರ ಬಂದರೆ ಅಂಗಡಿಯವನ ಮುಖದಲ್ಲಿ ಒಂದು ಗೆರೆ ಮೂಡುತ್ತದೆ. ಬಿಡಿಭಾಗ ಕೊಂಡು ಜೋಡಿಸಿದ ಅಸೆಂಬಲ್ಡ್ ಕಂಪ್ಯೂಟರಾದರೆ ಗೋಡೆಯ ಮೇಲೆ ಸಾಲಾಗಿರುವ ಪೆಟ್ಟಿಗೆಗಳಲ್ಲಿ ಒಂದನ್ನು ಇಳಿಸಿದರೆ ಮುಗಿಯಿತು. ಕಂಪನಿಯಿಂದಲೇ ಸಿದ್ಧವಾಗಿ ಬಂದ ಡೆಸ್ಕ್‌ಟಾಪಿಗೆ ಹಾಗಾಗುವುದಿಲ್ಲ. ಗಿರಾಕಿಗೆ ಇದು ಒಗಟು. ಯಾವ ಕಂಪನಿಯ ಮಿಕ್ಸಿಯಾದರೂ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಬಹುದು. ಒಳಗಿರುವ ರ‍್ಯಾಮ್, ಹಾರ್ಡ್‌ಡಿಸ್ಕ್ ಕೂಡ ಯಾರದಾದರೂ ನಡೆಯುತ್ತದೆ. ಅವೆಲ್ಲವನ್ನೂ ಹೊತ್ತು ಕೂತಿರುವ ಆ ಒಂದು ಹಸಿರು ಹಲಗೆಗೆ, ಅಂದರೆ ಮದರ್‌ಬೋರ್ಡಿಗೆ, ಮಾತ್ರ ಯಾಕೆ ಇಷ್ಟು ಮಡಿ?

ಕಪ್ಪಿಗೆ ಕಪ್ಪು

ಗೋಡೆಯ ಮೂರು ಕಾಲಿನ ಪ್ಲಗ್ಗನ್ನೊಮ್ಮೆ ನೆನೆಯಿರಿ. ಮೇಲಿನ ಕಾಲು ದಪ್ಪ, ಉಳಿದೆರಡಕ್ಕಿಂತ ಉದ್ದ. ಅದು ಭೂಸಂಪರ್ಕದ ಕಾಲು. ದಪ್ಪವಾಗಿರುವುದರಿಂದ ಪ್ಲಗ್ಗನ್ನು ತಿರುಗಾಮುರುಗಾ ಹಾಕಲು ಬರುವುದಿಲ್ಲ, ಉದ್ದವಾಗಿರುವುದರಿಂದ ಕರೆಂಟ್ ಬರುವ ಮೊದಲೇ ಭೂಮಿಯ ಸಂಪರ್ಕ ಆಗಿರುತ್ತದೆ. ತಪ್ಪು ಮಾಡಲು ಹೊರಟ ಕೈಯನ್ನು ಆಕಾರವೇ ತಡೆಯುತ್ತದೆ. ಯಾವ ತಂತಿಯಲ್ಲಿ ಏನು ಹರಿಯಬೇಕು ಎಂಬ ಒಪ್ಪಂದ ಕಣ್ಣಿಗೆ ಕಾಣದು, ಕಾಣುವುದು ಆಕಾರ ಮಾತ್ರ. ಹಾಗಾಗಿ ಆಕಾರವನ್ನು ಒಪ್ಪಂದದ ಕಾವಲಿಗೆ ನಿಲ್ಲಿಸುತ್ತಾರೆ.

ಕಂಪ್ಯೂಟರಿನಲ್ಲಿ ಈ ಕಾವಲುಗಾರ ಕೆಲಸಕ್ಕೆ ಸೇರಿದ್ದು ತಡವಾಗಿ. 1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಪಿಸಿಯನ್ನು ಹೊರತಂದಾಗ ಅದರ ಮುಖ್ಯ ಹಲಗೆಯ ಮೇಲೆ ಐದು ಖಾಲಿ ಸೀಳುಗಳಿದ್ದವು. ಬೇರೆಯವರೂ ಕಾರ್ಡು ಮಾಡಿ ಸಿಕ್ಕಿಸಲಿ ಎಂದು ಮಂಡಲ ನಕ್ಷೆಗಳನ್ನು ಕಂಪನಿಯೇ ಪುಸ್ತಕವಾಗಿ ಅಚ್ಚು ಹಾಕಿ ಮಾರಿತು. ಕಾರ್ಡು ಮಾಡಲು ಕರೆದರೆ ಪ್ರತಿಸ್ಪರ್ಧಿಗಳು ಇಡೀ ಯಂತ್ರವನ್ನೇ ಮಾಡಿ ತಂದರು. 1982 ಮುಗಿಯುವುದರೊಳಗೆ ಕೊಲಂಬಿಯಾ ಡೇಟಾ ಪ್ರಾಡಕ್ಟ್ಸ್, ಕಾಂಪ್ಯಾಕ್‌ಗಳ ತದ್ರೂಪಿ ಪಿಸಿಗಳು ಕಣದಲ್ಲಿದ್ದವು. ಕೈಜಾರಿದ ಮನೆಯನ್ನು ಮರಳಿ ಹಿಡಿಯಲು ಐಬಿಎಂ 1987ರ ತನ್ನ ಪಿಎಸ್‌/2 ಸರಣಿಯಲ್ಲಿ ಬೇರೆಯೇ ಬಗೆಯ ಸೀಳುಗಳನ್ನು ತಂದಿತು. ಆ ಹೊತ್ತಿಗೆ ಮನೆ ಊರಿನ ಛತ್ರವಾಗಿತ್ತು.

ಆ ಕಾಲದ ರಿಪೇರಿಯವರಿಗೆ ಒಂದು ಮಂತ್ರ ಬಾಯಿಪಾಠವಿತ್ತು: ಕಪ್ಪಿಗೆ ಕಪ್ಪು. ವಿದ್ಯುತ್ ಪೆಟ್ಟಿಗೆಯಿಂದ, ಅಂದರೆ ನಮ್ಮವರು ಎಸ್‌ಎಂಪಿಎಸ್ ಎನ್ನುವ ಭಾಗದಿಂದ, ಹಲಗೆಗೆ ಎರಡು ಪ್ಲಗ್ಗುಗಳು ಬರುತ್ತಿದ್ದವು. ಒಂದರ ಹೆಸರು ಪಿ8, ಇನ್ನೊಂದು ಪಿ9. ಎರಡೂ ಅವಳಿ, ತಲಾ ಆರು ತಂತಿ. ಎರಡರ ಕಪ್ಪು ತಂತಿಗಳೂ ನಡುವೆ ಒಟ್ಟಾಗಿ ಬರುವಂತೆ ಕೂರಿಸಬೇಕು. ಅದಲುಬದಲಾದರೆ ಹಲಗೆ ಬೂದಿ. ಅವಳಿಗಳಿಗೆ ಬೇರೆ ಬೇರೆ ಆಕಾರ ಕೊಡಬೇಕು ಎಂದು ಯಾರಿಗೂ ಹೊಳೆಯಲಿಲ್ಲವೋ, ಹೊಳೆದರೂ ಖರ್ಚೆಂದು ಬಿಟ್ಟರೋ.

1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಮಾದರಿಯನ್ನು ಪ್ರಕಟಿಸಿತು. ಹಲಗೆ 305 ಮಿಲಿಮೀಟರ್ ಉದ್ದ, 244 ಅಗಲ. ತಿರುಪಿನ ತೂತುಗಳು ಇಂಥಲ್ಲಿ. ವಿದ್ಯುತ್ತಿಗೆ ಒಂದೇ ಪ್ಲಗ್ಗು, 20 ಪಿನ್. ಪ್ಲಗ್ಗಿನ ಕೆಲವು ಕಿಂಡಿಗಳು ಚೌಕ, ಕೆಲವಕ್ಕೆ ಮೂಲೆ ಕತ್ತರಿಸಿದೆ, ತಿರುಗಿಸಿ ಹಾಕಿದರೆ ಕೂರುವುದೇ ಇಲ್ಲ. ಮುಂದೆ ಅದು 24 ಪಿನ್ನಾಯಿತು. ಎಸ್‌.ಪಿ. ರಸ್ತೆಯ ಅಸೆಂಬಲ್ಡ್ ವ್ಯಾಪಾರ ಇಂದಿಗೂ ನಿಂತಿರುವುದು ಈ ಒಪ್ಪಂದದ ಮೇಲೆ.

ವೇಷ ಹಾಕಿದ ಪ್ಲಗ್ಗು

ಒಪ್ಪಂದಕ್ಕೆ ಸಹಿ ಹಾಕಲೇಬೇಕೆಂಬ ಕಾನೂನೇನೂ ಇಲ್ಲ. ಡಬ್ಬ, ಹಲಗೆ, ವಿದ್ಯುತ್ ಪೆಟ್ಟಿಗೆ ಮೂರನ್ನೂ ಒಬ್ಬನೇ ಮಾರುವುದಾದರೆ ಅವು ಮೂರು ತಮ್ಮತಮ್ಮೊಳಗೆ ಯಾವ ಭಾಷೆ ಆಡಿದರೇನು?

1998ರಿಂದ ಕೆಲವು ವರ್ಷ ಡೆಲ್ ಕಂಪನಿಯ ಹಲವು ಡೆಸ್ಕ್‌ಟಾಪ್‌ಗಳಲ್ಲಿ ನಡೆದದ್ದು ಇದೇ. ನೋಡಲು ಥೇಟ್ ಎಟಿಎಕ್ಸ್‌ನ 20 ಪಿನ್ನಿನ ಪ್ಲಗ್ಗು. ಯಾವ ಅಂಗಡಿಯ ಹಲಗೆಗೂ ಸರಾಗವಾಗಿ ಕೂರುತ್ತಿತ್ತು. ಆದರೆ ಪಿನ್ನುಗಳ ಹಂಚಿಕೆ ಬೇರೆ. 3.3 ವೋಲ್ಟ್ ಬರಬೇಕಾದ ಕಡೆ ಅದು ಬರುತ್ತಿರಲಿಲ್ಲ, ಅದನ್ನು ಪಕ್ಕದ ಇನ್ನೊಂದು ಸಣ್ಣ ಪ್ಲಗ್ಗಿಗೆ ಸರಿಸಿದ್ದರು. ಆ ಡಬ್ಬಕ್ಕೆ ಬೇರೆ ಹಲಗೆ ಕೂರಿಸಿ, ಹಳೆಯ ಪ್ಲಗ್ಗನ್ನೇ ಸಿಕ್ಕಿಸಿ, ಗುಂಡಿ ಒತ್ತಿದವರು ಹೊಗೆ ನೋಡಿದ್ದುಂಟು. ಕಾವಲುಗಾರನ ಸಮವಸ್ತ್ರ ತೊಟ್ಟು ಬೇರೆ ಯಾರೋ ಬಾಗಿಲಲ್ಲಿ ನಿಂತ ಹಾಗೆ. ಆಕಾರ ಬೇರೆ ಮಾಡಿ ಅರ್ಥ ಬೇರೆ ಮಾಡಿದ್ದರೆ ತಕರಾರಿರಲಿಲ್ಲ. ಆಕಾರ ಉಳಿಸಿಕೊಂಡು ಅರ್ಥ ಬದಲಿಸಿದ್ದು ಎಂಜಿನಿಯರಿಂಗಿನಲ್ಲಿ ಕ್ಷಮಿಸಲಾಗದ ಬಗೆಯ ತಪ್ಪು.

ಈಗಿನ ಬ್ರ್ಯಾಂಡೆಡ್ ಡಬ್ಬಗಳು ಅಷ್ಟು ಮೋಸದವಲ್ಲ. ಒಂದರಲ್ಲಿ 6 ಪಿನ್, ಇನ್ನೊಂದರಲ್ಲಿ 8, ಮತ್ತೊಂದರಲ್ಲಿ 10 ಅಥವಾ 14. ಸಾಮಾನ್ಯ ಹಲಗೆಗೆ ಅವು ಕೂರುವುದೇ ಇಲ್ಲ, ಹಾಗಾಗಿ ಸುಡುವ ಪ್ರಮೇಯವೂ ಕಡಿಮೆ. ಅವುಗಳ ಹಿಂದೆ ಒಂದು ಒಳ್ಳೆಯ ಕಾರಣವೂ ಇದೆ. ಸಾಂಪ್ರದಾಯಿಕ ಪೆಟ್ಟಿಗೆ 12, 5, 3.3 ವೋಲ್ಟ್ ಹೀಗೆ ಮೂರು ಬಗೆಯ ವಿದ್ಯುತ್ತನ್ನು ತಾನೇ ತಯಾರಿಸಿ ಕಳಿಸುತ್ತದೆ. ಕಂಪ್ಯೂಟರ್ ಸುಮ್ಮನಿರುವಾಗಲೂ ಮೂರು ಒಲೆ ಉರಿಯುತ್ತಿರಬೇಕು. ಬದಲಿಗೆ ಪೆಟ್ಟಿಗೆ 12 ವೋಲ್ಟ್ ಮಾತ್ರ ಕೊಡಲಿ, ಉಳಿದದ್ದನ್ನು ಹಲಗೆಯೇ ಬೇಕಾದಷ್ಟು ಮಾಡಿಕೊಳ್ಳಲಿ ಎಂದರೆ ಪೋಲು ಕಡಿಮೆ. 2019ರಿಂದ ಕ್ಯಾಲಿಫೋರ್ನಿಯಾದಲ್ಲಿ ಸುಮ್ಮನೆ ಕೂತ ಕಂಪ್ಯೂಟರು ಎಷ್ಟು ವಿದ್ಯುತ್ ತಿನ್ನಬಹುದೆಂಬುದಕ್ಕೆ ಕಟ್ಟುನಿಟ್ಟಾದ ಮಿತಿ ಬಂತು. ಇಂಟೆಲ್ ಕೂಡ 12 ವೋಲ್ಟ್ ಮಾತ್ರದ, 10 ಪಿನ್ನಿನ ಹೊಸ ಮಾದರಿಯೊಂದನ್ನು ಮುಂದಿಟ್ಟಿತು. ಡಬ್ಬ ಮಾರುವ ಕಂಪನಿಗಳು ಆ ದಾರಿಯನ್ನು ಅದಕ್ಕೂ ಮೊದಲೇ ತುಳಿದಿದ್ದವು, ಒಬ್ಬೊಬ್ಬರು ಒಂದೊಂದು ಕಾಲುದಾರಿ.

ಇಂಥ ಡಬ್ಬದಲ್ಲಿ ಹಾರ್ಡ್‌ಡಿಸ್ಕಿಗೂ ವಿದ್ಯುತ್ ಬರುವುದು ಹಲಗೆಯಿಂದಲೇ. ಹಲಗೆ ಬದಲಿಸಿದರೆ ಹಳೆಯ ಪೆಟ್ಟಿಗೆ ಹೊಸ ಹಲಗೆಗೆ 5 ವೋಲ್ಟ್ ಕೊಡಲಾರದು, ಡಿಸ್ಕಿಗೂ ಕೊಡಲಾರದು. ಪೆಟ್ಟಿಗೆ ಬದಲಿಸೋಣ ಎಂದರೆ ಅದರ ಅಳತೆ ಬೇರೆ, ಡಬ್ಬದ ಮೂಲೆಗೆ ಹಿಡಿಸದು. ಡಬ್ಬವನ್ನೂ ಬದಲಿಸೋಣ ಎಂದಾಗ ಗಿರಾಕಿ ಕುರ್ಚಿ ಎಳೆದು ಕೂರುತ್ತಾನೆ.

ರೈಟ್ ರೈಟ್

ಗುಂಡಿ ಒತ್ತಿದ ಮೊದಲ ಅರ್ಧ ಸೆಕೆಂಡಿನಲ್ಲಿ ಡಬ್ಬದೊಳಗೆ ಏನು ನಡೆಯುತ್ತದೆ ಎಂದು ನೋಡಿದರೆ ಈ ಗೋಜಲು ಬಿಡಿಸಿಕೊಳ್ಳುತ್ತದೆ.

ಮೊದಲ ಸಂಗತಿ: ಗುಂಡಿಯೊಳಗೆ ಮನೆಯ ಕರೆಂಟ್ ಹರಿಯುವುದಿಲ್ಲ. ಎಟಿಎಕ್ಸ್‌ಗೆ ಮುಂಚೆ ಹರಿಯುತ್ತಿತ್ತು. ಮುಂಭಾಗದ ಸ್ವಿಚ್ಚಿನ ತನಕ ದಪ್ಪ ತಂತಿ ಬರುತ್ತಿತ್ತು. ವಿಂಡೋಸ್ 95ರಲ್ಲಿ ಶಟ್‌ಡೌನ್ ಮಾಡಿದರೆ 'ಇನ್ನು ಕಂಪ್ಯೂಟರ್ ಆರಿಸಬಹುದು' ಎಂದು ಕಿತ್ತಳೆ ಅಕ್ಷರ ತೋರಿಸಿ ಯಂತ್ರ ಕಾಯುತ್ತಾ ಕೂರುತ್ತಿದ್ದುದು ಹಳಬರಿಗೆ ನೆನಪಿರಬಹುದು. ತನ್ನ ಸ್ವಿಚ್ಚನ್ನು ತಾನೇ ಆರಿಸಿಕೊಳ್ಳಲು ಅದಕ್ಕೆ ಕೈ ಇರಲಿಲ್ಲ. ಎಟಿಎಕ್ಸ್ ಬಂದ ಮೇಲೆ ಗುಂಡಿ ಬರೀ ಕರೆಗಂಟೆಯಾಯಿತು. ಕಂಪ್ಯೂಟರ್ 'ಆಫ್' ಇರುವಾಗಲೂ ನೇರಳೆ ತಂತಿಯೊಂದರಲ್ಲಿ 5 ವೋಲ್ಟ್ ಹಲಗೆಗೆ ಹರಿಯುತ್ತಲೇ ಇರುತ್ತದೆ. ರಾತ್ರಿ ಪಾಳಿಯ ಕಾವಲು ವಿದ್ಯುತ್ ಎನ್ನೋಣ. ಆರಿಸಿದ ಕಂಪ್ಯೂಟರಿನ ಹಿಂದೆ ನೆಟ್‌ವರ್ಕ್ ದೀಪ ಮಿಣುಕುವುದು ಇದರಿಂದಲೇ. ಹಲಗೆ ಬಿಚ್ಚುವ ಮೊದಲು ಗೋಡೆಯ ಪ್ಲಗ್ ಕಿತ್ತು, ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಒಳಗುಳಿದ ವಿದ್ಯುತ್ತನ್ನು ಬಸಿಯಬೇಕು ಎನ್ನುವುದೂ ಇದಕ್ಕೇ.

ಗಂಟೆ ಬಾರಿಸಿದಾಗ ಹಲಗೆಯ ಕಾವಲು ಮಂಡಲ ಎಚ್ಚೆತ್ತು ಹಸಿರು ತಂತಿಯನ್ನು ನೆಲಕ್ಕೆ, ಅಂದರೆ ಕಪ್ಪು ತಂತಿಗೆ, ಸೇರಿಸುತ್ತದೆ. ಅಷ್ಟೇ ಸನ್ನೆ. ಪೆಟ್ಟಿಗೆ ಪೂರ್ತಿ ಎದ್ದು 12, 5, 3.3 ವೋಲ್ಟ್‌ಗಳನ್ನು ತಯಾರಿಸತೊಡಗುತ್ತದೆ. ಅಂಗಡಿಯವನು ಎರಡು ತಂತಿ ಮುಟ್ಟಿಸಿ ನೋಡಿದ್ದೂ ಇದನ್ನೇ. ಹಸಿರು–ಕಪ್ಪು ಸೇರಿಸಿದಾಗ ಪೆಟ್ಟಿಗೆಯ ಫ್ಯಾನ್ ತಿರುಗಿದರೆ ಪೆಟ್ಟಿಗೆಗೆ ಜೀವವಿದೆ, ಗುಮಾನಿ ಹಲಗೆಯ ಮೇಲೆ.

ಆದರೆ ಪ್ರಾಸೆಸರ್, ಅಂದರೆ ನಿಜವಾದ ಸಿಪಿಯು, ಇನ್ನೂ ಹೊರಡುವಂತಿಲ್ಲ. ನಮ್ಮ ಸಾರಿಗೆ ಬಸ್ಸಿನ ಡ್ರೈವರ್ ಎಂಜಿನ್ ಚಾಲೂ ಮಾಡಿ ಕೂತಿದ್ದರೂ ಕಂಡಕ್ಟರ್ 'ರೈಟ್ ರೈಟ್' ಎನ್ನುವವರೆಗೆ ಬಸ್ಸು ಕದಲುವುದಿಲ್ಲ. ಇಲ್ಲಿ ಕಂಡಕ್ಟರ್ ಎಂದರೆ ಬೂದು ಬಣ್ಣದ ಒಂದೇ ಒಂದು ತಂತಿ. ಎಲ್ಲ ವೋಲ್ಟುಗಳೂ ತಮ್ಮ ಮಟ್ಟ ಮುಟ್ಟಿ, 5 ಶೇಕಡಾ ಹೆಚ್ಚುಕಡಿಮೆಯ ಒಳಗೆ ನಿಂತ ಮೇಲೆ, ಪೆಟ್ಟಿಗೆ ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಅರ್ಧ ಸೆಕೆಂಡಿನವರೆಗೆ ತಾಳಿ, ಆ ತಂತಿಯನ್ನು ಎತ್ತುತ್ತದೆ. ಎಂಜಿನಿಯರುಗಳು ಅದನ್ನು 'ಪವರ್ ಗುಡ್' ಎನ್ನುತ್ತಾರೆ. ಇಲ್ಲಿ ರೈಟ್‌ ತಂತಿ ಎಂದರೂ ಸಾಕು. ಕರೆಂಟ್ ಹೋಗುವ ಸೂಚನೆ ಸಿಕ್ಕಾಗ ಇದೇ ತಂತಿ ಇತರ ವೋಲ್ಟುಗಳು ಕುಸಿಯುವುದಕ್ಕೆ ಕನಿಷ್ಠ ಒಂದು ಮಿಲಿಸೆಕೆಂಡು ಮೊದಲು ಕೆಳಗಿಳಿದು 'ಹೋಲ್ಡಾನ್' ಎನ್ನುತ್ತದೆ. ಅರೆಹೊಟ್ಟೆಯ ವಿದ್ಯುತ್ತಿನಲ್ಲಿ ಪ್ರಾಸೆಸರ್ ತಪ್ಪು ಲೆಕ್ಕ ಮಾಡಿ ಡಿಸ್ಕಿನ ಮೇಲೆ ಏನಾದರೂ ಗೀಚದಿರಲಿ ಎಂದು.

ರೈಟ್ ಬಂದೊಡನೆ ಪ್ರಾಸೆಸರ್ ಮಾಡುವ ಮೊದಲ ಕೆಲಸ ಕುರುಡು ನಂಬಿಕೆಯದು. ಅದಕ್ಕೆ ರ‍್ಯಾಮ್ ಎಲ್ಲಿದೆ ಗೊತ್ತಿಲ್ಲ, ಡಿಸ್ಕ್ ಎಂದರೇನೆಂದು ಗೊತ್ತಿಲ್ಲ. ಗೊತ್ತಿರುವುದು ಒಂದೇ ವಿಳಾಸ, 4 ಜಿಬಿ ಗಡಿಗೆ 16 ಬೈಟ್ ಕೆಳಗಿನದು. ಮೊದಲ ಐಬಿಎಂ ಪಿಸಿಯ 8088 ಚಿಪ್ ಕೂಡ ಹೀಗೆಯೇ ತನ್ನ 1 ಎಂಬಿ ಗಡಿಗೆ 16 ಬೈಟ್ ಕೆಳಗೆ ಹೋಗಿ ಬಾಗಿಲು ತಟ್ಟುತ್ತಿತ್ತು. ಆ ವಿಳಾಸದಲ್ಲಿ ಹಲಗೆಯ ಮೇಲಿನ ಪುಟ್ಟ ನೆನಪಿನ ಚಿಪ್ ಉತ್ತರ ಕೊಡಬೇಕು. ಹಲಗೆಯ ಹುಟ್ಟುಗುಣವೆಲ್ಲ ಬರೆದಿರುವ ಆ ತಂತ್ರಾಂಶವೇ ಬಯಾಸ್. ರ‍್ಯಾಮ್ ಎಲ್ಲಿದೆ, ಫ್ಯಾನ್ ಎಷ್ಟಿದೆ ಎಂದು ಹೇಳಿಕೊಡುವುದು ಅದು.

ಇಷ್ಟರಲ್ಲಿ ನಾಲ್ಕು ಬಾರಿ ಕೈಕುಲುಕಾಟ ನಡೆದಿದೆ: ಗುಂಡಿಗೂ ಹಲಗೆಗೂ, ಹಲಗೆಗೂ ಪೆಟ್ಟಿಗೆಗೂ, ಪೆಟ್ಟಿಗೆಗೂ ಪ್ರಾಸೆಸರಿಗೂ, ಪ್ರಾಸೆಸರಿಗೂ ಬಯಾಸಿಗೂ. ಒಂದೊಂದು ಸನ್ನೆಯೂ ಇಬ್ಬರು ಮೊದಲೇ ಮಾತಾಡಿಕೊಂಡದ್ದು. ಅಸೆಂಬಲ್ಡ್ ಯಂತ್ರದಲ್ಲಿ ಆ ಮಾತುಕತೆ ಊರಿಗೆಲ್ಲ ಗೊತ್ತಿರುವ ಭಾಷೆಯಲ್ಲಿ ಆಗಿರುತ್ತದೆ, ಬ್ರ್ಯಾಂಡೆಡ್ ಡಬ್ಬದಲ್ಲಿ ಮನೆಮಾತಿನಲ್ಲಿ. ಹೊಸ ಹಲಗೆ ಹಸಿರು ತಂತಿಯನ್ನು ನೆಲಕ್ಕಿಳಿಸಿ ಕಾಯುತ್ತದೆ, ಹಳೆಯ ಪೆಟ್ಟಿಗೆಯಲ್ಲಿ ಆ ಜಾಗದಲ್ಲಿ ಹಸಿರು ತಂತಿಯೇ ಇರುವುದಿಲ್ಲ. ಯಾವ ಭಾಗವೂ ಕೆಟ್ಟಿಲ್ಲ, ಆದರೂ ಡಬ್ಬ ಮಿಸುಕುವುದಿಲ್ಲ.

ಗೀಸರನ್ನು ಮೀರಿಸುವ ಚಿಪ್

ಪ್ರಾಸೆಸರಿಗೂ ಹಲಗೆಗೂ ಇನ್ನೊಂದು ಗುಟ್ಟಿನ ಸಂಭಾಷಣೆ ಇದೆ. ಪೆಟ್ಟಿಗೆಯಿಂದ ಬರುವುದು 12 ವೋಲ್ಟ್, ಪ್ರಾಸೆಸರಿನ ತಿರುಳಿಗೆ ಬೇಕಾದ್ದು ಒಂದು ವೋಲ್ಟಿನ ಆಸುಪಾಸು. 65 ವ್ಯಾಟಿನ ಸಾಧಾರಣ ಪ್ರಾಸೆಸರ್ 1.1 ವೋಲ್ಟಿನಲ್ಲಿ ದುಡಿಯುವಾಗ ಸುಮಾರು 60 ಆಂಪಿಯರ್ ಹೀರುತ್ತದೆ. ಸ್ನಾನದ ಮನೆಯ 2 ಕಿಲೋವ್ಯಾಟ್ ಗೀಸರ್ ಎಳೆಯುವುದು 9 ಆಂಪಿಯರಿಗೂ ಕಡಿಮೆ. ಗೀಸರಿನ ಆರೇಳು ಪಟ್ಟು ಕರೆಂಟು ಬಿಸ್ಕತ್ತಿನಗಲದ ಚಿಪ್ಪಿಗೆ ಹೋಗಬೇಕು, ಅದೂ ತೊನೆಯದೆ.

ಹಲಗೆ ಇದಕ್ಕೆ ಹೂಡುವ ಉಪಾಯ ಸರಳ. ಜೋರಾಗಿ ನುಗ್ಗುವ ನಲ್ಲಿಯನ್ನು ಕ್ಷಣ ತೆರೆದು ಮುಚ್ಚುತ್ತಿದ್ದರೆ ಕೆಳಗಿನ ತೊಟ್ಟಿಯ ಮಟ್ಟವನ್ನು ಬೇಕಾದಲ್ಲಿ ನಿಲ್ಲಿಸಬಹುದು. ಪ್ರಾಸೆಸರಿನ ಪಕ್ಕದ ಪುಟ್ಟ ಸ್ವಿಚ್ಚುಗಳು ಸೆಕೆಂಡಿಗೆ ಲಕ್ಷಾಂತರ ಬಾರಿ ಹೀಗೆ ತೆರೆದು ಮುಚ್ಚುತ್ತವೆ. ತಾಮ್ರದ ಸುರುಳಿ ಆ ಕುಲುಕಾಟವನ್ನು ನಯ ಮಾಡುತ್ತದೆ, ಕೆಪಾಸಿಟರ್ ತೊಟ್ಟಿಯಾಗುತ್ತದೆ. ಒಂದು ಸ್ವಿಚ್ಚಿಗೆ ಭಾರ ಹೆಚ್ಚು ಎಂದು ನಾಲ್ಕೋ ಆರೋ ಜೊತೆಗಳನ್ನು ಸರದಿಗೆ ಹಚ್ಚುತ್ತಾರೆ. ಒಂದೇ ಒರಳಿಗೆ ಮೂವರು ಒನಕೆ ಹಿಡಿದು ನಿಂತು, ಒಬ್ಬರ ಒನಕೆ ಏಳುವಾಗ ಇನ್ನೊಬ್ಬರದು ಬೀಳುವಂತೆ ಕುಟ್ಟುವುದಿಲ್ಲವೇ, ಹಾಗೆ. ಅಗ್ಗದ ಹಲಗೆಯಲ್ಲಿ ಒನಕೆ ಕಡಿಮೆ, ಭಾರಿ ಪ್ರಾಸೆಸರ್ ಕೂರಿಸಿದರೆ ಅವು ಕಾದು ಸುಸ್ತಾಗುತ್ತವೆ. 2000ದ ದಶಕದ ಮೊದಲ ವರ್ಷಗಳಲ್ಲಿ ಸಾಯುತ್ತಿದ್ದುದು ತೊಟ್ಟಿಗಳೇ. ದೋಷವಿದ್ದ ದ್ರಾವಣ ತುಂಬಿದ ಕೆಪಾಸಿಟರುಗಳು ಲೋಕದ ತುಂಬ ಹಲಗೆಗಳ ಮೇಲೆ ತಲೆ ಉಬ್ಬಿಸಿ, ಕಂದು ರಸ ಸುರಿಸಿ ಸತ್ತವು.

ತನಗೆ ಎಷ್ಟು ವೋಲ್ಟ್ ಬೇಕೆಂದು ಪ್ರಾಸೆಸರ್ ಹಲಗೆಗೆ ಸಂಕೇತದಲ್ಲಿ ತಿಳಿಸುತ್ತಿರುತ್ತದೆ. ಹಾಗಾಗಿ ಸಾಕೆಟ್ಟಿನಲ್ಲಿ ಕೂತರೆ ಸಾಲದು, ಭಾಷೆ ಹೊಂದಬೇಕು. ಇಂಟೆಲ್‌ನ 1151 ಪಿನ್ನಿನ ಸಾಕೆಟ್ 2015ರಲ್ಲಿ ಬಂತು. 2017ರ ಎಂಟನೇ ತಲೆಮಾರಿನ ಚಿಪ್ಪಿಗೂ ಅಷ್ಟೇ ಪಿನ್, ಅದೇ ಅಳತೆ. ಆದರೆ ಮೊದಲು ಖಾಲಿ ಬಿಟ್ಟಿದ್ದ ಕೆಲವು ಪಿನ್ನುಗಳನ್ನು ಅಲ್ಲಿ ವಿದ್ಯುತ್ತಿಗೆ ಹಚ್ಚಿದ್ದರಿಂದ, ಹಳೆಯ ಹಲಗೆಯಲ್ಲಿ ಅದು ಕೂರುತ್ತದೆ, ಏಳುವುದಿಲ್ಲ. ವೇಷದ ಪ್ಲಗ್ಗಿನ ಕಥೆಯೇ ಮತ್ತೆ, ಈ ಬಾರಿ ಹೊಗೆಯಿಲ್ಲದೆ.

ಕಿರಿಕಿರಿಯ ಪಟ್ಟಿ

ಪ್ಲಗ್ಗು, ಪ್ರಾಸೆಸರ್ ಎರಡೂ ಹೊಂದಿದರೂ ಸಣ್ಣಪುಟ್ಟ ತೊಡಕು ಉಳಿಯುತ್ತದೆ. ಬ್ರ್ಯಾಂಡೆಡ್ ಡಬ್ಬದ ಹಿಂಬದಿಯಲ್ಲಿ ಕಿಂಡಿಗಳನ್ನು ತಗಡಿನಲ್ಲೇ ಕೊರೆದಿರುವುದುಂಟು, ಹೊಸ ಹಲಗೆಯ ಯುಎಸ್‌ಬಿ ಬಾಯಿ ಗೋಡೆಗೆ ಮುಖ ಮಾಡುತ್ತದೆ. ಮುಂದಿನ ಗುಂಡಿ, ದೀಪಗಳ ತಂತಿಗಳೆಲ್ಲ ಒಂದೇ ಗಡ್ಡೆಯಾಗಿ ಬರುತ್ತವೆ. ಅಲ್ಲಿ ಮಲ್ಟಿಮೀಟರ್ ಹಿಡಿದು, ಗುಂಡಿ ಒತ್ತಿದಾಗ ಯಾವ ಎರಡು ತಂತಿ ಕೂಡುತ್ತವೆ ಎಂದು ಹುಡುಕಿ ಬೇರ್ಪಡಿಸಬೇಕು. ಹೇಗೂ ಕರೆಗಂಟೆ ತಾನೆ, ಯಾವ ತಂತಿ ಎಡ, ಯಾವುದು ಬಲ ಎಂಬ ಭೇದ ಅದಕ್ಕಿಲ್ಲ. ಅದೇ ಕಂಪನಿಯ ಬೇರೆ ಮಾದರಿಯ ಹಲಗೆ ಹಾಕಿದರೆ ಇನ್ನೊಂದು ತಮಾಷೆ. ತನ್ನ ಡಬ್ಬದಲ್ಲಿ ಇರಬೇಕಾದ ಫ್ಯಾನು ಕಾಣದಿದ್ದರೆ ಅದರ ಬಯಾಸ್ ಪ್ರತಿ ಬೆಳಿಗ್ಗೆ 'ಫ್ಯಾನ್ ಇಲ್ಲ, ಎಫ್‌1 ಒತ್ತಿ' ಎಂದು ಅಡ್ಡಗಟ್ಟುತ್ತದೆ.

ಹಲಗೆಗೆ ನೆನಪಿದೆ

ಎಲ್ಲ ಕೂಡಿಬಂದು ಪರದೆ ಬೆಳಗಿತು ಎನ್ನೋಣ. ಆಗ ವಿಂಡೋಸ್ ತನ್ನ ತಕರಾರು ತೆಗೆಯುತ್ತದೆ. 2001ರ ಎಕ್ಸ್‌ಪಿಯಿಂದಲೂ ಅದು ತಾನು ಯಾವ ಯಂತ್ರದಲ್ಲಿದ್ದೇನೆ ಎಂದು ಬಿಡಿಭಾಗಗಳ ಗುರುತು ನೋಡಿ ನೆನಪಿಟ್ಟುಕೊಳ್ಳುತ್ತದೆ. 2012ರ ವಿಂಡೋಸ್ 8 ನಂತರದ ಬ್ರ್ಯಾಂಡೆಡ್ ಯಂತ್ರಗಳಲ್ಲಿ ಪರವಾನಗಿಯ ಕೀಲಿಯನ್ನು ಹಲಗೆಯ ಬಯಾಸ್ ಚಿಪ್ಪಿನಲ್ಲೇ ಬರೆದಿರುತ್ತಾರೆ. ಹಲಗೆ ಗುಜರಿಗೆ ಹೋದರೆ ಕೀಲಿಯೂ ಹೋಯಿತು. ಕೆಟ್ಟದ್ದಕ್ಕೆ ಬದಲಾಗಿ ಅದೇ ಕಂಪನಿಯ ಅದೇ ಬಗೆಯ ಹಲಗೆ ಹಾಕಿದರೆ ಹಳೆಯ ಪರವಾನಗಿ ಸಲ್ಲುತ್ತದೆ; ಬೇರೆ ಹಲಗೆ ಹಾಕಿದರೆ ಮೈಕ್ರೋಸಾಫ್ಟ್ ಲೆಕ್ಕದಲ್ಲಿ ಅದು ಹೊಸ ಕಂಪ್ಯೂಟರ್. ರ‍್ಯಾಮ್, ಡಿಸ್ಕ್, ಡಬ್ಬ ಎಲ್ಲ ಬದಲಿಸಿದರೂ ಹಳೆಯದೇ, ಹಲಗೆ ಬದಲಿಸಿದರೆ ಮಾತ್ರ ಹೊಸದು. 'ತಾಯಿ' ಎಂದು ಹೆಸರಿಟ್ಟವರು ಇದನ್ನು ಊಹಿಸಿರಲಿಕ್ಕಿಲ್ಲ.

ಇದಕ್ಕಿಂತ ದೊಡ್ಡ ಕಂಟಕ ಡಿಸ್ಕಿನ ಬೀಗ. ಹೊಸ ಯಂತ್ರಗಳಲ್ಲಿ ಡಿಸ್ಕಿನ ಕಡತಗಳನ್ನು ವಿಂಡೋಸ್‌ನ ಬಿಟ್‌ಲಾಕರ್ ಗೂಢಲಿಪಿಯಲ್ಲಿ ಇಟ್ಟಿರುತ್ತದೆ, ಎಷ್ಟೋ ಸಲ ಮಾಲೀಕನ ಗಮನಕ್ಕೂ ಬಾರದೆ. ಅದನ್ನು ತೆರೆಯುವ ಕೀಲಿ ಟಿಪಿಎಂ ಎಂಬ ಭದ್ರಕೋಶದಲ್ಲಿ ಇರುತ್ತದೆ. ಆ ಕೋಶದ ಜಾಗ ಹಲಗೆಯ ಮೇಲೆಯೋ, ಪ್ರಾಸೆಸರಿನ ಒಳಗೋ. ಯಂತ್ರ ಎಂದಿನಂತೆಯೇ ಏಳುತ್ತಿದೆ ಎಂದು ಖಾತ್ರಿಯಾದರೆ ಮಾತ್ರ ಅದು ಕೀಲಿ ಕೊಡುತ್ತದೆ. ಹಲಗೆ ಬದಲಾದರೆ 48 ಅಂಕಿಗಳ ತುರ್ತು ಸಂಖ್ಯೆ ಕೇಳುತ್ತದೆ. ಅದನ್ನು ಮೊದಲೇ ಬರೆದಿಟ್ಟುಕೊಂಡಿರದಿದ್ದರೆ, ಮೈಕ್ರೋಸಾಫ್ಟ್ ಖಾತೆಯಲ್ಲೂ ಉಳಿದಿರದಿದ್ದರೆ, ಮದುವೆಯ ಫೋಟೋಗಳು ಡಿಸ್ಕಿನಲ್ಲೇ ಇರುತ್ತವೆ, ಯಾರಿಗೂ ಕಾಣುವುದಿಲ್ಲ.

ಎಸ್‌.ಪಿ. ರಸ್ತೆಯ ಅನುಭವಸ್ಥರು ಇಷ್ಟೆಲ್ಲ ಪಾಠ ಹೇಳುವುದಿಲ್ಲ. ಸತ್ತ ಹಲಗೆಯ ಅಂಚಿಗೆ ಅಂಟಿಸಿದ ಚೀಟಿಯ ಮೇಲಿನ ಭಾಗ ಸಂಖ್ಯೆಯನ್ನು ಓದಿ, ಅದೇ ಸಂಖ್ಯೆಯ, ಬೇರೆ ಡಬ್ಬದಿಂದ ಕಿತ್ತ ಹಲಗೆಗಾಗಿ ನಾಲ್ಕು ಅಂಗಡಿಗೆ ಫೋನ್ ಮಾಡುತ್ತಾರೆ. ಮನೆಮಾತು ಆಡುವವರನ್ನು ಅದೇ ಮನೆಯಿಂದ ಕರೆತರುವುದು. ಸಿಕ್ಕರೆ ಕೆಲಸ ಅರ್ಧ ಗಂಟೆಯದು. ಬಹಳ ದಿನ ಕಪಾಟಿನಲ್ಲಿದ್ದ ಆ ಹಲಗೆ ಏಳುವಾಗ ತಾರೀಖನ್ನು ಮಾತ್ರ ಎಷ್ಟೋ ವರ್ಷ ಹಿಂದಿನದು ತೋರಿಸಬಹುದು. ಸೆಕೆಂಡಿಗೆ 32,768 ಸಲ ಮಿಡಿಯುವ ಸ್ಫಟಿಕವೊಂದು ಅದರ ಗಡಿಯಾರ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಒಂದು ಉಳಿಯುತ್ತದೆ, ಅದೇ ಒಂದು ಸೆಕೆಂಡು. ಅದನ್ನು ಸಾಕುತ್ತಿದ್ದ 3 ವೋಲ್ಟಿನ ಬಿಲ್ಲೆ ಬ್ಯಾಟರಿ ಯಾವಾಗಲೋ ತೀರಿರುತ್ತದೆ. ತಾರೀಖು ತಪ್ಪಿದ್ದರೆ ಬ್ಯಾಂಕಿನ ಜಾಲತಾಣ ಕೂಡ ತೆರೆಯುವುದಿಲ್ಲ. ಆ ತಾಣದ ಗುರುತುಪತ್ರದ ಅವಧಿ ಇನ್ನೂ ಶುರುವಾಗಿಲ್ಲವೆಂದು ಬ್ರೌಸರ್ ಭಾವಿಸುತ್ತದೆ. ಅಂಗಡಿಯವನು ಗಲ್ಲಾಪೆಟ್ಟಿಗೆಯ ಪಕ್ಕದ ಪಟ್ಟಿಯಿಂದ ಸಿಆರ್‌2032 ಬಿಲ್ಲೆಯೊಂದನ್ನು ಕಿತ್ತು, ಒತ್ತಿ ಕೂರಿಸಿ, ಗೋಡೆಯ ಕ್ಯಾಲೆಂಡರ್ ನೋಡಿ ಇವತ್ತಿನ ತಾರೀಖು ತುಂಬುತ್ತಾನೆ.